ಯಾವ ಸೇತುವೆ ಮೊದಲು?

ಎಲ್ಲ ಸೇತುವೆಗಳನ್ನೂ ಒಂದೇ ವರ್ಷದಲ್ಲಿ ರಿಪೇರಿ ಮಾಡಿ ಮುಗಿಸುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇರುವುದಿಲ್ಲ. ಹಾಗಾಗಿ ಪ್ರತಿ ಬಜೆಟ್ಟಿನ ಹಿಂದೆಯೂ ಒಂದು ಪಟ್ಟಿ ಇರುತ್ತದೆ: ಈ ವರ್ಷ ಇವು, ಮುಂದಿನ ವರ್ಷ ಅವು, ಉಳಿದವು ಆಮೇಲೆ. ಆಟಿ ತಿಂಗಳ ಮಳೆಯಲ್ಲಿ ಬಾಣಂತಿ ಆಸ್ಪತ್ರೆ ಮುಟ್ಟುವುದು, ಮಕ್ಕಳು ಶಾಲೆಗೆ ಹೋಗಿ ಸಂಜೆ ಮನೆಗೆ ಬರುವುದು, ಸೊಸೈಟಿಗೆ ಹಾಲು ಹೋಗುವುದು ಎಲ್ಲವೂ ಆ ಪಟ್ಟಿಯಲ್ಲಿ ತಮ್ಮೂರ ಸೇತುವೆ ಎಷ್ಟನೆಯದು ಎಂಬುದನ್ನು ಅವಲಂಬಿಸಿದೆ. ಇಂಥ ಪಟ್ಟಿ ಮಾಡುವುದಕ್ಕೆ ಒಂದು ವಿಜ್ಞಾನವಿದೆ. ಅದರಲ್ಲಿ ಭೌತಶಾಸ್ತ್ರವಿದೆ, ಸಂಭವನೀಯತೆಯ ಗಣಿತವಿದೆ. ಕೊನೆಗೆ ಗಣಿತ ಉತ್ತರಿಸಲಾರದ ಒಂದು ಪ್ರಶ್ನೆಯೂ ಇದೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಈ ವಿಜ್ಞಾನವನ್ನು ಒರೆಗೆ ಹಚ್ಚಲು ತಕ್ಕ ನೆಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಘಟ್ಟದಿಂದ ಇಳಿದ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಬೆಟ್ಟಗಳ ನೀರನ್ನು ಹೊತ್ತ ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನ ಕಡೆ ಹರಿಯುತ್ತದೆ. ಇವುಗಳ ನಡುವೆ ಗುಂಡ್ಯ ಹೊಳೆ, ಗೌರಿ ಹೊಳೆ, ಮತ್ತೆ ಊರೂರಿಗೊಂದು ತೋಡು. ಮಂಗಳೂರನ್ನು ಬೆಂಗಳೂರಿಗೆ ಜೋಡಿಸುವ ಎರಡು ರಾಷ್ಟ್ರೀಯ ಹೆದ್ದಾರಿಗಳು ಈ ನೆಲದ ಮೇಲೇ ಹಾದುಹೋಗಿವೆ. ಉಪ್ಪಿನಂಗಡಿ, ನೆಲ್ಯಾಡಿ, ಶಿರಾಡಿ ಮೂಲಕ ಹೋಗುವುದು 75. ಪುತ್ತೂರು, ಸುಳ್ಯ, ಸಂಪಾಜೆ ಮೂಲಕ ಮಡಿಕೇರಿಗೆ ಹತ್ತುವುದು 275. ಇಲ್ಲಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಒಂದು ಸಂಕವಾದರೂ ಎದುರಾಗುತ್ತದೆ.

ಗಟ್ಟಿಯಾಗಿದ್ದೂ ಕೆಲಸಕ್ಕೆ ಬಾರದ ಸೇತುವೆ

ಸೇತುವೆ ಕೆಟ್ಟಿದೆ ಎನ್ನುವುದಕ್ಕೆ ಎರಡು ಅರ್ಥಗಳುಂಟು. ಒಂದು, ಅದರ ಮೈ ಕೆಟ್ಟಿರುವುದು: ಕಾಂಕ್ರೀಟು ಬಿರಿದು ಒಳಗಿನ ಸರಳು ತುಕ್ಕು ಹಿಡಿದಿರುವುದು, ಬೇರಿಂಗ್ ಜಾಮ್ ಆಗಿರುವುದು, ಕಂಬದ ಬುಡ ತೆರೆದುಕೊಂಡಿರುವುದು. ಇನ್ನೊಂದು, ಮೈ ನೆಟ್ಟಗಿದ್ದರೂ ಮಾಡಬೇಕಾದ ಕೆಲಸ ಮಾಡಲಾಗದಿರುವುದು.

ಎರಡನೆಯದಕ್ಕೆ ಕಡಬದ ಬಳಿಯ ಹೊಸ್ಮಠದ ಹಳೆಯ ಸೇತುವೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಉಪ್ಪಿನಂಗಡಿಯಿಂದ ಕಡಬದ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಗುಂಡ್ಯ ಹೊಳೆಗೆ ಅಡ್ಡಲಾಗಿ ಇದ್ದದ್ದು ಮುಳುಗು ಸೇತುವೆ. ಮುಳುಗು ಸೇತುವೆ ಎಂದರೆ ನೆರೆ ಬಂದಾಗ ನೀರು ಮೇಲಿಂದಲೇ ಹರಿದುಹೋಗಲಿ ಎಂದು ತಗ್ಗಾಗಿ ಕಟ್ಟಿದ ಸೇತುವೆ. ಕಟ್ಟಿದ ಕಾಲಕ್ಕೆ ಅದು ಜಾಣತನದ ನಿರ್ಧಾರವೇ ಆಗಿತ್ತು. ಎತ್ತರದ ಕಂಬ, ಉದ್ದದ ಏರು ರಸ್ತೆ ಯಾವುದೂ ಬೇಡ, ಖರ್ಚು ಕಡಿಮೆ. ವರ್ಷಕ್ಕೆ ಒಂದಷ್ಟು ದಿನ ಬಂದ್ ಆದರೂ ನಡೆಯುತ್ತದೆ ಎಂಬ ಲೆಕ್ಕ. ಆದರೆ ಊರು ಬೆಳೆಯಿತು, ಸುಬ್ರಹ್ಮಣ್ಯಕ್ಕೆ ಹೋಗುವ ವಾಹನಗಳು ಬೆಳೆದವು. ಪ್ರತಿ ಮಳೆಗಾಲದಲ್ಲೂ ಹೊಸ್ಮಠ ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು, ಬಸ್ಸುಗಳು ಎರಡೂ ದಡದಲ್ಲಿ ನಿಲ್ಲುತ್ತಿದ್ದವು. ಕಾಂಕ್ರೀಟಿನ ಆರೋಗ್ಯವನ್ನಷ್ಟೇ ನೋಡಿ ಅಂಕ ಕೊಡುವ ಪಟ್ಟಿಯಲ್ಲಿ ಇಂಥ ಸೇತುವೆ ಮೇಲೆ ಬರುವುದೇ ಇಲ್ಲ. ಪಕ್ಕದಲ್ಲೇ ಎತ್ತರದ ಹೊಸ ಸೇತುವೆ ಎದ್ದ ಮೇಲಷ್ಟೇ ಆ ದಾರಿ ಮಳೆಗಾಲಕ್ಕೂ ದಾರಿಯಾಯಿತು.

ಕಾಣಿಯೂರಿನ ಬೈತಡ್ಕದಲ್ಲಿ 2022ರ ಜುಲೈನಲ್ಲಿ ಕಾರೊಂದು ಸೇತುವೆಯಿಂದ ತುಂಬಿದ ಹೊಳೆಗೆ ಉರುಳಿ ಇಬ್ಬರು ಯುವಕರು ಜೀವ ಕಳೆದುಕೊಂಡರು. ಸೇತುವೆ ಕುಸಿಯದೆಯೂ ಅದರ ಮೇಲೆ ಜೀವ ಹೋಗಬಹುದು. ಆದ್ದರಿಂದ ಅಗಲ, ಬದಿಯ ತಡೆಬೇಲಿ, ತಿರುವಿನಲ್ಲಿ ಮುಂದಿನ ದಾರಿ ಕಾಣುವುದು ಇವೆಲ್ಲಕ್ಕೂ ಪಟ್ಟಿಯಲ್ಲಿ ಅಂಕ ಇರಲೇಬೇಕು.

ನೀರು ಬುಡಕ್ಕೆ ಕೈ ಹಾಕುವ ಬಗೆ

ಸೇತುವೆಗಳು ಭಾರ ತಾಳಲಾರದೆ ಬೀಳುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದಲ್ಲಿ 1989ರಿಂದ 2000ದವರೆಗೆ ವಿಫಲವಾದ 503 ಸೇತುವೆಗಳ ಕಾರಣಗಳನ್ನು ಸಂಶೋಧಕರು ವಿಂಗಡಿಸಿ ನೋಡಿದಾಗ, ಅರ್ಧಕ್ಕೂ ಹೆಚ್ಚಿನವು ನೆರೆ ಮತ್ತು ಕೊರೆತದಿಂದ ಹೋದವು ಎಂದು ಗೊತ್ತಾಯಿತು. ಘಟ್ಟದ ಬುಡದ ತಾಲೂಕುಗಳಿಗೆ ಇದು ಮುಖ್ಯವಾದ ಎಚ್ಚರಿಕೆ.

ಕೊರೆತ ಆಗುವ ಬಗೆಯನ್ನು ಹತ್ತಿರದಿಂದ ನೋಡೋಣ. ಹೊಳೆಯ ಮೇಲ್ಭಾಗದ ನೀರು ವೇಗವಾಗಿ ಓಡುತ್ತದೆ. ತಳದ ನೀರು ಕಲ್ಲು, ಮರಳಿಗೆ ಉಜ್ಜಿ ನಿಧಾನವಾಗುತ್ತದೆ. ಈ ಪ್ರವಾಹ ಕಂಬಕ್ಕೆ ಬಂದು ಬಡಿದಾಗ ಮೇಲ್ಭಾಗದಲ್ಲಿ ಒತ್ತಡ ಹೆಚ್ಚು, ತಳದಲ್ಲಿ ಕಡಿಮೆ. ಹಾಗಾಗಿ ನೀರು ಕಂಬದ ಮುಂಭಾಗಕ್ಕೆ ಅಂಟಿಕೊಂಡೇ ಕೆಳಕ್ಕೆ ಧುಮುಕಿ ತಳವನ್ನು ಅಗೆಯುತ್ತದೆ. ಅಗೆದ ನೀರು ಸುರುಳಿಯಾಗಿ ಕಂಬದ ಎರಡೂ ಬದಿಯಿಂದ ಹಿಂದಕ್ಕೆ ಸಾಗುವಾಗ ಕುದುರೆ ಲಾಳದ ಆಕಾರದ ಸುಳಿಯಾಗುತ್ತದೆ. ಆ ಸುಳಿ ಮರಳು, ಜಲ್ಲಿಯನ್ನು ಎತ್ತಿ ಒಯ್ದು ಕಂಬದ ಬುಡದಲ್ಲಿ ಹೊಂಡ ಮಾಡುತ್ತದೆ. ಮಹಾಪೂರದ ಮಟ್ಟದಿಂದ ಕೆಳಕ್ಕೆ ಅಳೆದರೆ ಹೊಳೆ ಸಾಮಾನ್ಯವಾಗಿ ಎಷ್ಟು ಆಳ ಕೊರೆಯುತ್ತದೋ ಕಂಬದ ಬಳಿ ಅದರ ಎರಡು ಪಟ್ಟು ಕೊರೆಯಬಹುದೆಂದು ಹಿಡಿದು ಅಡಿಪಾಯ ಹಾಕಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ.

ನೆರೆ ಇಳಿಯುವಾಗ ನೀರಿನ ವೇಗ ತಗ್ಗುತ್ತದೆ, ಹೊತ್ತು ತಂದ ಮರಳು ಅದೇ ಹೊಂಡದಲ್ಲಿ ಕೂರುತ್ತದೆ. ಜನವರಿಯಲ್ಲಿ ಪರಿಶೀಲನೆಗೆ ಹೊಳೆಗೆ ಇಳಿದ ಎಂಜಿನಿಯರಿಗೆ ಕಾಣುವುದು ಸಮತಟ್ಟಾದ ತಳ. ಆದರೆ ಕಂಬದ ಸುತ್ತ ಈಗ ಇರುವುದು ಸಡಿಲ ಮರಳು. ಮುಂದಿನ ನೆರೆಗೆ ಅದು ಮೊದಲ ಗಂಟೆಯಲ್ಲೇ ಎದ್ದುಹೋಗುತ್ತದೆ. ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಸೇತುವೆ 1987ರ ಏಪ್ರಿಲ್ 5ರಂದು ಹೀಗೆ ಬುಡ ಕಳೆದುಕೊಂಡು ಕುಸಿದಾಗ 10 ಮಂದಿ ಸತ್ತರು. ಆ ಬಳಿಕವೇ ನೀರಿನಡಿಯ ಪರಿಶೀಲನೆ ಅಲ್ಲಿ ಕಡ್ಡಾಯವಾಯಿತು. ಹೊಳೆಯಿಂದ ಮರಳು ತೆಗೆದರೆ ತಳವೇ ತಗ್ಗುತ್ತದೆ. ಕೊರೆತಕ್ಕೆ ಮೊದಲೇ ಅರ್ಧ ಕೆಲಸ ಮುಗಿದಂತೆ. 2018ರ ಜೂನ್ 25ರಂದು ಬಂಟ್ವಾಳದ ಕಡೆಯ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರವರು ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೇ.

ಘಟ್ಟದ ಹೊಳೆಗಳಿಗೆ ಇನ್ನೊಂದು ಗುಣವಿದೆ. ಅವು ಮರ ಹೊತ್ತು ತರುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದಾಗ ಪಯಸ್ವಿನಿ ಕೆಸರು, ದಿಮ್ಮಿಗಳ ಹೊಳೆಯಾಗಿತ್ತು. 2022ರ ಆಗಸ್ಟ್ ಮೊದಲ ವಾರ ಸುಳ್ಯದ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕದ ಕಡೆ ಬಂದ ದಿಢೀರ್ ನೆರೆಯಲ್ಲಿ ಬೇರು ಸಮೇತ ಬಂದ ಮರಗಳು ಸೇತುವೆಗಳಿಗೆ ಸಿಕ್ಕಿಕೊಂಡವು. ಆಗ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಸೆಕೆಂಡಿಗೆ 2 ಮೀಟರ್ ವೇಗದ ನೀರು ಎದುರಿಗಿರುವ ಪ್ರತಿ ಚದರ ಮೀಟರ್ ಮೇಲೆ ಸುಮಾರು 200 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು: ಸೆಕೆಂಡಿಗೆ 4 ಮೀಟರ್ ವೇಗಕ್ಕೆ 800 ಕಿಲೋ. ದಿಮ್ಮಿಗಳು ಸೇರಿ 5 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಯಾದರೆ ಸೇತುವೆಯನ್ನು ಬದಿಯಿಂದ ತಳ್ಳುವ ಬಲ 12 ಟನ್. ಕಿರಿದಾದ ಕಂಡಿಗಳ ಸೇತುವೆಯಲ್ಲಿ ಮರ ಬೇಗ ಸಿಕ್ಕುತ್ತದೆ, ಕಂಡಿ ಮುಚ್ಚಿದಾಗ ನೀರು ಬೇರೆ ದಾರಿ ಹುಡುಕಿಕೊಂಡು ದಡದ ಮಣ್ಣನ್ನು ಕೊಚ್ಚುತ್ತದೆ. ಕಡೆಗೆ ಸೇತುವೆ ನಿಂತಿರುತ್ತದೆ, ಅದಕ್ಕೆ ಸೇರುವ ರಸ್ತೆ ಇರುವುದಿಲ್ಲ. ಆದ್ದರಿಂದ ಇಲ್ಲಿನ ಪಟ್ಟಿಯಲ್ಲಿ ಕಂಡಿಯ ಅಗಲ ಮತ್ತು ಕಂಬದ ಬುಡಕ್ಕೆ ಕಾಂಕ್ರೀಟಿನ ವಯಸ್ಸಿಗಿಂತ ಹೆಚ್ಚಿನ ತೂಕ ಸಿಗಬೇಕು.

ಅಂಕಪಟ್ಟಿಯ ಹುಟ್ಟು

1967ರ ಡಿಸೆಂಬರ್ 15ರ ಸಂಜೆ ಅಮೆರಿಕದ ಒಹಾಯೋ ನದಿಯ ಸಿಲ್ವರ್ ಬ್ರಿಜ್ ವಾಹನಗಳ ಸಮೇತ ಕುಸಿದು 46 ಮಂದಿ ಸತ್ತರು. ದೇಶದಲ್ಲಿ ಎಷ್ಟು ಸೇತುವೆಗಳಿವೆ, ಯಾವುದರ ಸ್ಥಿತಿ ಹೇಗಿದೆ ಎಂಬ ಒಟ್ಟು ದಾಖಲೆ ಅದುವರೆಗೆ ಅಲ್ಲಿರಲಿಲ್ಲ. 1971ರಲ್ಲಿ ಪರಿಶೀಲನೆಯ ರಾಷ್ಟ್ರೀಯ ನಿಯಮಗಳು ಬಂದವು. ಮೇಲ್ಹಾಸು, ಗರ್ಡರು, ಕೆಳಗಿನ ಕಂಬ ಇವಕ್ಕೆ 0ಯಿಂದ 9ರವರೆಗೆ ಅಂಕ ಕೊಡುವ ಕ್ರಮ ಶುರುವಾಯಿತು. ಮುಂದೆ ಎಲ್ಲವನ್ನೂ ಸೇರಿಸಿ 100ಕ್ಕೆ ಒಂದು ಅಂಕ ಕೊಟ್ಟರು: ರಚನೆಯ ಗಟ್ಟಿತನಕ್ಕೆ 55, ಇಂದಿನ ಬಳಕೆಗೆ ಒಗ್ಗುವಿಕೆಗೆ 30, ಜನರಿಗೆ ಎಷ್ಟು ಅಗತ್ಯ ಎಂಬುದಕ್ಕೆ 15. ಹಲವು ದಶಕ ಕೇಂದ್ರದ ಅನುದಾನ ಈ ಅಂಕವನ್ನೇ ನೋಡಿ ಹಂಚಿಕೆಯಾಯಿತು. 50ಕ್ಕಿಂತ ಕಡಿಮೆ ಬಂದ ಸೇತುವೆಯನ್ನು ಬದಲಿಸಲು ಹಣ ಕೇಳಬಹುದಿತ್ತು.

ನಮ್ಮಲ್ಲಿ 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ನೆರೆಯಲ್ಲಿ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆಯನ್ನು ಆರಂಭಿಸಿತು. ಪ್ರತಿ ಸೇತುವೆಗೂ ಒಂದು ಗುರುತಿನ ಸಂಖ್ಯೆ, ರಚನೆಯ ಸ್ಥಿತಿಗೆ 0ಯಿಂದ 9ರವರೆಗಿನ ಅಂಕ. ಇದು ದೊಡ್ಡ ಹೆಜ್ಜೆಯೇ. ಏನೇನು ಇದೆಯೆಂದು ಗೊತ್ತಿಲ್ಲದೆ ಯಾವುದು ಮೊದಲು ಎಂದು ತೀರ್ಮಾನಿಸಲಾಗದು.

ಮೂರು ಸೇತುವೆ, ಮೂರು ಉತ್ತರ

ಈಗ ಒಂದು ಲೆಕ್ಕ ಮಾಡೋಣ. ಸೇತುವೆಗಳೂ ಅಂಕಿಗಳೂ ಕಲ್ಪಿತ, ಆದರೆ ಇಂಥವು ಈ ಮೂರು ತಾಲೂಕುಗಳಲ್ಲಿ ಯಾರ ಕಣ್ಣಿಗೂ ಬೀಳುತ್ತವೆ.

ಮೊದಲನೆಯದು ರಾಷ್ಟ್ರೀಯ ಹೆದ್ದಾರಿಯದು. ದಿನಕ್ಕೆ 9,000 ವಾಹನ. ಬಂದ್ ಆದರೆ 4 ಕಿಲೋಮೀಟರ್ ಸುತ್ತು. ಮುಂದಿನ ಮಳೆಗಾಲದಲ್ಲಿ ಕೈಕೊಡುವ ಸಾಧ್ಯತೆ 100ಕ್ಕೆ 1. ದುರಸ್ತಿಗೆ 4 ಕೋಟಿ. ಎರಡನೆಯದು ರಾಜ್ಯ ಹೆದ್ದಾರಿಯದು. 1,500 ವಾಹನ, 20 ಕಿಲೋಮೀಟರ್ ಸುತ್ತು, ಸಾಧ್ಯತೆ 100ಕ್ಕೆ 5, ಖರ್ಚು 3 ಕೋಟಿ. ಮೂರನೆಯದು ಕಾಡಂಚಿನ ಊರಿನದು. 150 ವಾಹನ, 40 ಕಿಲೋಮೀಟರ್ ಸುತ್ತು, ಸಾಧ್ಯತೆ 100ಕ್ಕೆ 20, ಖರ್ಚು 60 ಲಕ್ಷ.

ಎಷ್ಟು ತೊಂದರೆ ಎಂದಷ್ಟೇ ಕೇಳಿದರೆ ವಾಹನವನ್ನು ಸುತ್ತಿನ ದೂರದಿಂದ ಗುಣಿಸಬೇಕು. ದಿನಕ್ಕೆ ಕ್ರಮವಾಗಿ 36,000, 30,000 ಮತ್ತು 6,000 ಕಿಲೋಮೀಟರ್ ಹೆಚ್ಚುವರಿ ಓಟ. ರಾಷ್ಟ್ರೀಯ ಹೆದ್ದಾರಿ ಮೊದಲು. ತೊಂದರೆ ಆಗುವ ಸಾಧ್ಯತೆಯಿಂದಲೂ ಗುಣಿಸಿದರೆ ಸಿಗುವುದು 360, 1,500 ಮತ್ತು 1,200. ಈಗ ರಾಜ್ಯ ಹೆದ್ದಾರಿ ಮೊದಲು. ಒಂದೊಂದು ಕೋಟಿಗೆ ಎಷ್ಟು ಅಪಾಯ ತಪ್ಪುತ್ತದೆ ಎಂದು ಖರ್ಚಿನಿಂದ ಭಾಗಿಸಿದರೆ 90, 500 ಮತ್ತು 2,000. ಕಾಡಂಚಿನ ಊರು ಮೊದಲು!

ಮೂರು ಲೆಕ್ಕಗಳಲ್ಲಿ ಯಾವುದೂ ತಪ್ಪಲ್ಲ. ಕೇಳಿದ ಪ್ರಶ್ನೆ ಬೇರೆ ಬೇರೆ, ಅಷ್ಟೆ. ಹಣ ಸೀಮಿತವಾಗಿರುವಾಗ ಮೂರನೆಯ ಪ್ರಶ್ನೆಯೇ ಸರಿಯಾದದ್ದು ಎಂದು ಅರ್ಥಶಾಸ್ತ್ರ ಹೇಳುತ್ತದೆ. ಅದೇ ಮೊತ್ತದಲ್ಲಿ ಹೆಚ್ಚು ಅಪಾಯ ತಗ್ಗುತ್ತದೆ. ಆದರೆ ಆಚರಣೆಯಲ್ಲಿ ಹೆಚ್ಚಾಗಿ ಕೇಳುವುದು ಮೊದಲನೆಯ ಪ್ರಶ್ನೆಯನ್ನೇ, ಏಕೆಂದರೆ ವಾಹನ ಎಣಿಸುವುದು ಸುಲಭ.

ಇನ್ನೂ ಒಂದು ಮಾತಿದೆ. ಮೂರನೆಯ ಸೇತುವೆಗೆ 40 ಕಿಲೋಮೀಟರ್ ಸುತ್ತು ಎಂದು ಬರೆದೆ. ಸುತ್ತುದಾರಿಯೇ ಇಲ್ಲದಿದ್ದರೆ? ಮಳೆಗಾಲದಲ್ಲಿ ಹೊಳೆ, ಹಿಂದೆ ರಕ್ಷಿತಾರಣ್ಯ, ನಡುವೆ ನಲವತ್ತು ಮನೆ. ಆಗ ಗುಣಿಸಲು ದೂರವೇ ಇಲ್ಲ. ಆ ಜಾಗದಲ್ಲಿ ಅಧಿಕಾರಿ ಸೊನ್ನೆ ಬರೆದರೆ ಊರು ಪಟ್ಟಿಯ ಬುಡಕ್ಕೆ ಜಾರುತ್ತದೆ, ಅನಂತ ಎಂದು ಬರೆದರೆ ಎಲ್ಲಕ್ಕಿಂತ ಮೇಲೇರುತ್ತದೆ. ಬೇರೆ ದಾರಿ ಇದೆಯೇ ಎಂಬುದು ದೊಡ್ಡ ಸೇತುವೆಗಳಿಗೂ ಅಷ್ಟೇ ಮುಖ್ಯ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ 41 ವರ್ಷ ಹಳೆಯ ಕಾಳಿ ಸೇತುವೆ ಕುಸಿದರೂ ಪಕ್ಕದಲ್ಲಿ ಹೊಸದಿದ್ದದ್ದರಿಂದ ಗೋವಾ ಸಂಪರ್ಕ ಪೂರ್ತಿ ಕಡಿಯಲಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಘಟ್ಟಗಳು ಒಟ್ಟೊಟ್ಟಿಗೆ ಜರಿದಾಗ ಕರಾವಳಿಯೇ ತತ್ತರಿಸಿತು. ಒಂದಕ್ಕೊಂದು ಬದಲಿ ಎಂದು ನಂಬಿದ ದಾರಿಗಳು ಒಂದೇ ಮಳೆಗೆ ಸೋಲಬಹುದು. ಹಾಗಾದರೆ ಅವನ್ನು ಬದಲಿ ದಾರಿ ಎಂದು ಲೆಕ್ಕಕ್ಕೆ ಹಿಡಿಯುವುದೇ ತಪ್ಪು.

ಎಷ್ಟೋ ಕಡೆ ಲಾರಿ ಹೋಗುವ ಸೇತುವೆಗೆ ಹತ್ತು ವರ್ಷ ಕಾಯಬೇಕಾಗಬಹುದು. ಆದರೆ ಮನುಷ್ಯರು ದಾಟುವುದಕ್ಕೆ ಅಷ್ಟು ಕಾಯಬೇಕಾಗಿಲ್ಲ ಎಂಬುದನ್ನು ತೋರಿಸಿಕೊಟ್ಟದ್ದು ಸುಳ್ಯವೇ. ಇಲ್ಲಿನ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆ ಬಳಿಕ ದೇಶದ ಹಲವೆಡೆ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಪಾಯದ ಗಣಿತದಲ್ಲಿ ಇದರ ಅರ್ಥ ಸ್ಪಷ್ಟ. ಸೇತುವೆ ಬೀಳುವ ಸಾಧ್ಯತೆಯನ್ನು ಈಗಲೇ ತಗ್ಗಿಸಲಾಗದಿದ್ದರೆ, ಬಿದ್ದಾಗಿನ ಪರಿಣಾಮವನ್ನಾದರೂ ಕಡಿಮೆ ಖರ್ಚಿನಲ್ಲಿ ತಗ್ಗಿಸಬಹುದು.

ಅಂಕಕ್ಕೆ ಕಾಣದ್ದು

ಅಂಕವನ್ನು ಪೂರ್ತಿ ನಂಬುವಂತೆಯೂ ಇಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 49 ಅನುಭವಿ ಪರಿಶೀಲಕರಿಗೆ ಅವೇ ಸೇತುವೆಗಳನ್ನು ತೋರಿಸಿ ಅಂಕ ಕೇಳಲಾಯಿತು. ಶೇಕಡಾ 95ರಷ್ಟು ಅಂಕಗಳು ಸರಾಸರಿಯಿಂದ ಎರಡು ಅಂಕ ಆಚೀಚೆ ಹರಡಿದ್ದವು. ಎಂದರೆ 5 ಪಡೆದ ಸೇತುವೆ ಇನ್ನೊಬ್ಬರ ಕಣ್ಣಿಗೆ 3 ಆಗಬಹುದು, 7 ಕೂಡ ಆಗಬಹುದು. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಕುಸಿದು 13 ಮಂದಿಯನ್ನು ಬಲಿ ತೆಗೆದುಕೊಂಡ ಸೇತುವೆಗೆ 100ಕ್ಕೆ 50 ಅಂಕ ಇತ್ತು. ಉಕ್ಕಿನ ತೊಲೆಗಳನ್ನು ಜೋಡಿಸುವ ತಗಡುಗಳು ವಿನ್ಯಾಸದಲ್ಲೇ ತೆಳುವಾಗಿದ್ದವು. ತುಕ್ಕು, ಬಿರುಕು ಹುಡುಕುವ ಕಣ್ಣಿಗೆ 40 ವರ್ಷ ಆ ದೋಷ ಕಾಣಲೇ ಇಲ್ಲ. ಅಂಕದ ಜೊತೆಗೆ ಮೂಲ ನಕ್ಷೆಯನ್ನೂ ತೆಗೆದು ಇಂದಿನ ಭಾರಕ್ಕೆ ಮತ್ತೆ ಲೆಕ್ಕ ಹಾಕಬೇಕು. 2018ರಲ್ಲಿ ಭಾರತದಲ್ಲಿ ಲಾರಿಯ ಒಂಟಿ ಆಕ್ಸಲ್ ಮೇಲಿನ ಭಾರದ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಹಳೆಯ ಸೇತುವೆಗಳ ಮೈ ಮಾತ್ರ ಅದೇ ಇದೆ.

ಅತಿ ಕೆಟ್ಟದ್ದನ್ನೇ ಮೊದಲು ಮಾಡುವುದು ನ್ಯಾಯವೆಂದು ಕಂಡರೂ ಅದರಲ್ಲೊಂದು ಬಲೆಯಿದೆ. ನೆದರ್ಲೆಂಡ್ಸ್‌ನ ಡಿ ಸಿಟ್ಟರ್ 1984ರಲ್ಲಿ ಮುಂದಿಟ್ಟ ಐದರ ನಿಯಮ ಪ್ರಸಿದ್ಧ: ಕಟ್ಟುವಾಗ ಉಳಿಸಿದ 1 ರೂಪಾಯಿ, ನಿರ್ವಹಣೆಗೆ 5, ದುರಸ್ತಿಗೆ 25, ಬದಲಿಸುವುದಕ್ಕೆ 125 ರೂಪಾಯಿಯಾಗಿ ಬಂದು ನಿಲ್ಲುತ್ತದೆ. ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಿದ ಮನೆಯ ಪಕ್ಕಾಸು ಕುಂಬಾಗುವುದಿಲ್ಲ. ಸೇತುವೆಗೂ ಅದೇ ಮಾತು. ಮೇ ತಿಂಗಳಲ್ಲಿ ಮೇಲ್ಹಾಸಿನ ನೀರಿನ ಕೊಳವೆಯಿಂದ ಕಸ ತೆಗೆಯುವುದು, ಸಂದಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ಬೇರು ಸಮೇತ ಕೀಳುವುದು, ಕಂಡಿಗೆ ಸಿಕ್ಕ ದಿಮ್ಮಿ ಎಳೆಯುವುದು, ಬುಡಕ್ಕೆ ಕಲ್ಲು ತುಂಬುವುದು. ಇವಕ್ಕೆ ಬೇಕಾದ ಹಣ ಅಲ್ಪ, ಉಳಿಯುವ ಆಯುಷ್ಯ ದಶಕಗಳದ್ದು. ಇದಕ್ಕಾಗಿ ಒಂದು ಪಾಲನ್ನು ಪಟ್ಟಿಯ ಪೈಪೋಟಿಯಿಂದ ಹೊರಗೇ ಎತ್ತಿಡಬೇಕು.

ಪಟ್ಟಿ ಯಾರದ್ದು?

ವಾಸ್ತವದಲ್ಲಿ ಈ ಸೇತುವೆಗಳು ಒಂದೇ ಪಟ್ಟಿಯಲ್ಲಿ ಇರುವುದೂ ಇಲ್ಲ. ರಾಷ್ಟ್ರೀಯ ಹೆದ್ದಾರಿಯದಕ್ಕೆ ಕೇಂದ್ರದ ಹಣ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಯದಕ್ಕೆ ಲೋಕೋಪಯೋಗಿ ಇಲಾಖೆ, ಊರ ರಸ್ತೆಯದಕ್ಕೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಹೊಳೆಗೆ ಈ ಗಡಿಗಳು ಗೊತ್ತಿಲ್ಲ. ಕಾಡಂಚಿನ ಸಂಕ ಹೆದ್ದಾರಿಯ ಸೇತುವೆಯ ಜೊತೆ ಎಂದೂ ತೂಗಲ್ಪಡುವುದಿಲ್ಲ. ಲೆಕ್ಕಶೀರ್ಷಿಕೆ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಕನಿಷ್ಠ ತಾಲೂಕು ಮಟ್ಟದಲ್ಲಾದರೂ ಎಲ್ಲ ಇಲಾಖೆಗಳ ಸೇತುವೆಗಳನ್ನು ಒಂದೇ ಹಾಳೆಯ ಮೇಲೆ ತರಬೇಕು. ಅದರಲ್ಲಿ ಬಸ್ ಡ್ರೈವರ್, ಲೈನ್‌ಮನ್, ಆಶಾ ಕಾರ್ಯಕರ್ತೆ ಕಂಡ ನೆರೆಯ ಮಟ್ಟವೂ ದಾಖಲಾಗಬೇಕು. ಜುಲೈ ತಿಂಗಳ ಹೊಳೆಯನ್ನು ದಿನವೂ ಕಾಣುವವರು ಅವರೇ.

ಗಟ್ಟಿತನಕ್ಕೆ 55, ಅಗತ್ಯಕ್ಕೆ 15 ಎಂಬ ತೂಕವನ್ನು ಯಾವ ಭೌತಶಾಸ್ತ್ರವೂ ಹೇಳಿಕೊಟ್ಟಿಲ್ಲ. ಮನುಷ್ಯರು ಕೂತು ನಿರ್ಧರಿಸಿದ್ದು. 9,000 ವಾಹನಗಳ ಅರ್ಧ ಗಂಟೆ ದೊಡ್ಡದೋ, ನಲವತ್ತು ಮನೆಗಳ ನಾಲ್ಕು ದಿನ ದೊಡ್ಡದೋ ಎಂಬುದು ಮೌಲ್ಯದ ಪ್ರಶ್ನೆ. ಬೇರೆ ದಾರಿಯೇ ಇಲ್ಲದವರಿಗೆ ಮೊದಲ ಸಾಲಿನಲ್ಲಿ ಜಾಗ ಕೊಡಬೇಕು ಎಂಬುದು ನನ್ನ ಖಚಿತ ನಿಲುವು, ಏಕೆಂದರೆ ಉಳಿದವರು ಕಳೆದುಕೊಳ್ಳುವುದು ಸಮಯ, ಅವರು ಕಳೆದುಕೊಳ್ಳುವುದು ಸಂಪರ್ಕವನ್ನೇ. ಬೇರೆ ನಿಲುವೂ ಇರಬಹುದು. ಆದರೆ ಯಾವ ತೂಕ ಹಾಕಿ, ಯಾವ ಅಂಕಿ ಹಿಡಿದು, ಯಾವ ಸೇತುವೆಯನ್ನು ಹಿಂದಕ್ಕೆ ಬಿಟ್ಟೆವು ಎಂಬುದನ್ನು ಗ್ರಾಮ ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಕಾರಣ ಸಮೇತ ಬರೆದು ಹಚ್ಚಬೇಕು. ಆಗ ಪಟ್ಟಿಯ ಕೊನೆಯಲ್ಲಿರುವ ಊರಿಗೂ ತನ್ನ ಸರದಿ ಯಾಕೆ ತಡ, ಅದನ್ನು ಯಾವ ಪುರಾವೆ ಹಿಡಿದು ಪ್ರಶ್ನಿಸಬಹುದು ಎಂಬುದು ಗೊತ್ತಾಗುತ್ತದೆ.